ಗಾದಿಯ ಮೇಲೆ ಕಲಿತ ಪಟ್ಟು

ಸಿರುಗುಪ್ಪದ ಶಾಲೆಯೊಂದರಲ್ಲಿ ನಾನು ವ್ಯಾಯಾಮ ಶಿಕ್ಷಕಿಯಾಗಿದ್ದೆ. ಪ್ರಾಯದಲ್ಲಿ ಜುಡೊ ಆಡಿದವಳು. ಮೊಣಕಾಲು ಸವೆದ ಮೇಲೆ ಕೆಲಸ ಬಿಟ್ಟು ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದುಬಿಟ್ಟೆ. ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುರುಗೋಡಿನಿಂದ ಫೋನ್ ಮಾಡಿದಳು. ಅವಳ ಅತ್ತಿಗೆ ಮೊಬೈಲ್ ನೋಡಿಯೇ ಎಂಎಂಎ ಕಲಿತಿದ್ದಾಳಂತೆ, ಅದೇ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಪಂದ್ಯ. ಒಮ್ಮೆ ಬಂದು ಅವಳ ಹಿಡಿತ ನೋಡಿ ಹೇಳಬೇಕಂತೆ.

ಹೋದೆ. ಅತ್ತಿಗೆಗೆ ಇಪ್ಪತ್ತೇಳು ವರ್ಷ, ಹೊಲಿಗೆ ಅಂಗಡಿ ಇಟ್ಟಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿಯ ಗಾದಿ ಹಾಸಿ ಅವಳೂ ನಾದಿನಿಯಾದ ನನ್ನ ವಿದ್ಯಾರ್ಥಿನಿಯೂ ಎರಡು ವರ್ಷ ಅಭ್ಯಾಸ ಮಾಡಿದ್ದರು. ಅತ್ತಿಗೆ ಬಗ್ಗಿ ನುಗ್ಗಿದಳು, ನಾದಿನಿಯ ಎರಡೂ ಕಾಲು ಬಾಚಿ ಕೆಡವಿದಳು, ಮೇಲೇರಿ ತೋಳು ಮುರಿಯುವ ಹಾಗೆ ಹಿಡಿದಳು. ಅಚ್ಚುಕಟ್ಟಾಗಿತ್ತು. ನನಗೆ ಖುಷಿಯೇ ಆಯಿತು.

ಎರಡನೇ ಸಲ ಆಡಿದಾಗ ನಾದಿನಿಯನ್ನೇ ಗಮನಿಸಿದೆ. ಅತ್ತಿಗೆಯ ಕೈ ತಾಗುವ ಮೊದಲೇ ಅವಳ ಮೊಣಕಾಲು ಸಡಿಲಾಗುತ್ತಿತ್ತು. ಬೀಳಬೇಡ, ತಡೆದು ನಿಲ್ಲು ಎಂದೆ. ತಡೆಯಲು ಅವಳಿಗೆ ಬರಲೇ ಇಲ್ಲ, ಬಿದ್ದು ನಕ್ಕಳು. ನಾನೇ ಎದುರು ನಿಂತೆ. ಅತ್ತಿಗೆ ನುಗ್ಗಿದಾಗ ತಲೆ ತಗ್ಗಿ, ಕುತ್ತಿಗೆ ಸೀದಾ ನನ್ನ ಕಂಕುಳಿಗೆ ಬಂತು.

"ಇಲ್ಲಿ ಸಿಗತೀ ನೋಡವ್ವ," ಎಂದೆ. ತಲೆ ಎತ್ತಿ ನುಗ್ಗಬೇಕು, ನಿಜವಾಗಿ ತಡೆಯುವವರ ಜೊತೆ ಆರು ತಿಂಗಳು ಆಡಬೇಕು, ಈಗಲೇ ಪಂದ್ಯ ಬೇಡ ಎಂದೆ. ಆದರೆ ಬಳ್ಳಾರಿಯ ಪಂದ್ಯವೊಂದಕ್ಕೆ ಅವಳು ಆಗಲೇ ಹೆಸರು ಕೊಟ್ಟಾಗಿತ್ತು, ಹದಿನೈದೇ ದಿನ ಉಳಿದಿತ್ತು.

"ಕುರುಗೋಡಿನ್ಯಾಗ ನನ್ನ ಜೋಡಿ ಯಾರು ಹಿಡೀತಾರ್ರಿ, ಮೇಡಂ?" ಎಂದಳು ಅತ್ತಿಗೆ.

ಬಳ್ಳಾರಿಗೆ ಬಂದು ಎರಡು ಜಿಮ್‌ಗಳಲ್ಲಿ ವಿಚಾರಿಸಿದೆ. ಕುಸ್ತಿಗೆ ಹೆಂಗಸರು ಯಾರೂ ಬರುವುದಿಲ್ಲ ಎಂದರು. ನಾನೇ ಕಲಿಸೋಣವೆಂದರೆ ಗಾದಿಯ ಮೇಲೆ ಕೂರಲು ಮೊಣಕಾಲು ಮಡಚುತ್ತಿರಲಿಲ್ಲ.

ಪಂದ್ಯ ಕಂಟೋನ್ಮೆಂಟಿನ ಹಾಲ್ ಒಂದರಲ್ಲಿ, ಭಾನುವಾರ ಬೆಳಿಗ್ಗೆ ನಡೆಯಿತು. ಮೊದಲ ನಿಮಿಷದಲ್ಲೇ ಅವಳು ನುಗ್ಗಿದಳು. ಎದುರಿನವಳು ಕಾಲು ಹಿಂದೆ ಚಾಚಿ ಅವಳ ಮೇಲೆಯೇ ಭಾರ ಹಾಕಿ ಕುತ್ತಿಗೆಗೆ ತೋಳು ಸುತ್ತಿದಳು. ಸಾಕೆಂದರೆ ಕೈ ತಟ್ಟಬೇಕು, ಆಗ ಬಿಡುತ್ತಾರೆ. ಮನೆಯಲ್ಲಿ ಅವಳ ಕುತ್ತಿಗೆಯನ್ನು ಯಾರೂ ಬಿಗಿದಿರಲಿಲ್ಲ, ತಟ್ಟುವುದು ರೂಢಿಯೇ ಇರಲಿಲ್ಲ. ತಟ್ಟು, ತಟ್ಟು ಎಂದು ಕೂಗಿದೆ. ಅಷ್ಟು ಜನರ ಗದ್ದಲದಲ್ಲಿ ನನಗೇ ನನ್ನ ದನಿ ಕೇಳಿಸಲಿಲ್ಲ. ಅವಳ ಕೈ ಗಾಳಿಯಲ್ಲಿ ತಡಕಾಡಿ ಜೋತುಬಿತ್ತು. ರೆಫರಿ ಬಿಡಿಸುವಷ್ಟರಲ್ಲಿ ಎಚ್ಚರ ತಪ್ಪಿತ್ತು.

ಕೆಲವೇ ಕ್ಷಣದಲ್ಲಿ ಕಣ್ಣು ಬಿಟ್ಟಳು. ಡಾಕ್ಟರು ನೋಡಿ ಅಪಾಯವಿಲ್ಲ ಎಂದರು. ನಾದಿನಿ ಅಳುತ್ತಿದ್ದಳು. ಅತ್ತಿಗೆ ನನ್ನ ಕಡೆ ತಿರುಗಿ, "ಎದುರಿನಾಕಿ ಬೀಳ್ಲೇ ಇಲ್ಲಲ್ರೀ," ಎಂದಳು.

ಈಗಲೂ ತಿಂಗಳಿಗೊಮ್ಮೆ ಕುರುಗೋಡಿಗೆ ಹೋಗುತ್ತೇನೆ. ಕುರ್ಚಿಯಲ್ಲಿ ಕೂತು, ತಲೆ ಎಲ್ಲಿರಬೇಕೆಂದು ಬಾಯಲ್ಲಿ ಹೇಳುತ್ತೇನೆ. ಅವಳು ಬೆವರು ಒರೆಸಿಕೊಂಡು, ಈಗ ಸರಿ ಐತೇನ್ರಿ ಎಂದು ಕೇಳುತ್ತಾಳೆ. ನಿಜವಾಗಿ ತಡೆಯುವವರೇ ಇಲ್ಲದ ಆ ಕೋಣೆಯಲ್ಲಿ ಕೂತು ಸರಿಯೋ ತಪ್ಪೋ ಹೇಗೆ ಹೇಳಬೇಕೋ ನನಗೆ ತಿಳಿಯುವುದಿಲ್ಲ.