ಅಮ್ಮನ ಮಣ್ಣಿನ ಡಬ್ಬಿಗಳು

ಅಮ್ಮ ಮೇಷ್ಟ್ರ ಕೆಲಸಕ್ಕೆ ಸೇರಿದ್ದು ಪಾವಗಡದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ. ಅಲ್ಲಿ ಚಿತ್ರ ಬರೆಯಲು ಬಣ್ಣ ಸಿಗದೆ ಹೊಲದ ಕೆಂಪು ಮಣ್ಣನ್ನೇ ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಿ, ಜಾಲಿ ಮರದ ಅಂಟು ಕರಗಿಸಿದ ನೀರಿನಲ್ಲಿ ಕಲಸಿಕೊಂಡಳಂತೆ. ಆಮೇಲೆ ಅಂಗಡಿಯ ಬಣ್ಣ ಸಿಕ್ಕರೂ ಅವಳಿಗೆ ಬೇಕೆನಿಸಲಿಲ್ಲ. ಕಳ್ಳಂಬೆಳ್ಳ, ತೋವಿನಕೆರೆ, ಈಗ ಮಿಡಿಗೇಶಿ. ವರ್ಗವಾದ ಪ್ರತಿ ಊರಿನಿಂದಲೂ ಅವಳ ಸ್ಟೀಲ್ ಡಬ್ಬಿಗಳಿಗೆ ಎರಡು ಮೂರು ಬಗೆಯ ಮಣ್ಣು ಬಂತು. ತಾರಸಿಯ ಗೂಡಿನಲ್ಲಿ ಅಂಥ ಒಂಬತ್ತು ಡಬ್ಬಿಗಳಿವೆ. ಒಂದೇ ಅಳತೆ, ಒಂದೇ ಮುಚ್ಚಳ.

ಮಧುಗಿರಿಯ ನಮ್ಮ ಮನೆಯ ತಾರಸಿಗೆ ಕೋಟೆಯ ಬೆಟ್ಟ ನೇರವಾಗಿ ಕಾಣುತ್ತದೆ. ಶಾಲೆಯ ಬಸ್ಸಿಗೆ ಹೊರಡುವ ಮುಂಚೆ ಒಂದು ಗಂಟೆ ಅಮ್ಮ ಅದನ್ನು ಬರೆಯುತ್ತಾಳೆ. ನನಗೆ ನೆನಪಿರುವಷ್ಟು ಕಾಲದಿಂದಲೂ ಹೀಗೆಯೇ. ತಾತನ ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆಯೇ ಅವಳು ತಾರಸಿ ಹತ್ತಿದ್ದನ್ನು ಕಂಡು ನೆಂಟರು ಆಡಿಕೊಂಡಿದ್ದರು. ಬರೆದದ್ದನ್ನು ಅವಳು ಮಾರಲಿಲ್ಲ, ಯಾರಿಗೂ ಕರೆದು ತೋರಿಸಲಿಲ್ಲ. ಒಣಗಿದ ಮೇಲೆ ಟ್ರಂಕಿಗೆ ಹಾಕುತ್ತಿದ್ದಳು. ಅಜ್ಜಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ.

"ದಿನಾ ಅದೇ ಬೆಟ್ಟ ಬರೀತೀಯಲ್ಲ, ಅದೇನು ಓಡೋಗ್ಬುಡುತ್ತಾ?"

"ಬೆಟ್ಟ ಓಡಲ್ಲ ಅತ್ತೆ. ಬೆಳಕು ಓಡುತ್ತೆ."

"ಹಂಗಾದ್ರೆ ಬೆಳಕನ್ನೇ ಹಿಡ್ಕೊಂಡ್ ಬಾ, ಒಲೆ ಮೇಲಿನ ಹಾಲು ಉಕ್ತೈತೆ."

ನಾನು ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ಹೊಸತು. ಲ್ಯಾಬಿನಲ್ಲಿ ಎರಡು ವರ್ಷ ಕಳೆದವಳಿಗೆ ಹೆಸರಿಲ್ಲದ ಡಬ್ಬಿ ಕಂಡರೆ ಕಿರಿಕಿರಿ. ಅಮ್ಮ ಶಾಲೆಗೆ ಹೋಗಿದ್ದಾಗ ಗೂಡು ಒರೆಸಿದೆ. ತಿಳಿ ಬಣ್ಣದಿಂದ ಗಾಢ ಬಣ್ಣದವರೆಗೆ ಒಂಬತ್ತನ್ನೂ ಜೋಡಿಸಿ, ಸಣ್ಣ ಅಕ್ಷರದಲ್ಲಿ ಬಣ್ಣದ ಹೆಸರು ಬರೆದು ಅಂಟಿಸಿದೆ. ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ನೋಡಿ ಖುಷಿಪಡಲಿ ಎಂದಿತ್ತು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳ ಹಿಂದೆ ಕೂತೆ. ಅಮ್ಮ ಬೆಟ್ಟದ ಕಡೆ ನೋಡುತ್ತಲೇ ಗೂಡಿಗೆ ಕೈ ಹಾಕಿದಳು, ಡಬ್ಬಿ ತೆಗೆದಳು, ಚಮಚದಲ್ಲಿ ಪುಡಿ ಹಾಕಿ ಕಲಸಿದಳು. ಗೆರೆಗಳು ಎಂದಿನಂತೆ ಖಚಿತವಾಗಿದ್ದವು. ಆದರೆ ಬೂದು ಬಂಡೆ ಇರಬೇಕಾದಲ್ಲಿ ಇಟ್ಟಿಗೆಯ ಕೆಂಪು ಹರಡುತ್ತಿತ್ತು. ಏನೋ ಹೊಸದು ಮಾಡುತ್ತಿದ್ದಾಳೆ ಎಂದುಕೊಂಡೆ.

"ಅಮ್ಮ, ಇವತ್ತೇನು ಬೆಟ್ಟ ಕೆಂಪಗಿದೆ?"

ಕುಂಚ ನಿಂತಿತು. "ಕೆಂಪಗಾ?" ಎಂದಳು.

ಆ ಒಂದು ಮಾತಿನಲ್ಲಿ, ಅವಳಿಗೆ ಬಣ್ಣ ಕಾಣುತ್ತಿಲ್ಲವೆಂದು ನನಗೆ ತಿಳಿಯಿತು. ಅವಳು ಮುಖವನ್ನು ಹಾಳೆಗೆ ತೀರ ಹತ್ತಿರ ತಂದು ನೋಡಿದಳು. ಆಮೇಲೆ ಡಬ್ಬಿಯನ್ನು ತಿರುಗಿಸಿ ನಾನು ಅಂಟಿಸಿದ ಚೀಟಿಯ ಮೇಲೆ ಬೆರಳಾಡಿಸಿದಳು.

"ಡಬ್ಬಿ ಮುಟ್ಟಿದ್ಯಾ?"

"ಜೋಡಿಸಿದೆ. ಹೆಸರೂ ಬರ್ದಿದೀನಿ."

"ಅದನ್ನ ಓದೋಕಾಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಒಂದು ವರ್ಷದಿಂದ ಅವಳ ಕಣ್ಣಿಗೆ ಬಣ್ಣಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವಂತೆ. ಡಬ್ಬಿಗಳನ್ನು ಅವಳು ಇಟ್ಟಿದ್ದು ಬಣ್ಣದ ಪ್ರಕಾರವಲ್ಲ, ತಾನು ಕೆಲಸ ಮಾಡಿದ ಊರುಗಳ ಪ್ರಕಾರ. ಎಡತುದಿಯಲ್ಲಿ ಪಾವಗಡ, ಬಲತುದಿಯಲ್ಲಿ ಮಿಡಿಗೇಶಿ. ಕಣ್ಣು ಕೈಕೊಟ್ಟ ಮೇಲೆ ಆ ಸಾಲೇ ಅವಳಿಗೆ ಆಧಾರವಾಗಿತ್ತು. ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಎಲ್ರೂ ಸೇರಿ ಸಾಕು ಬುಡು ಅಂತೀರಾ."

ತುಮಕೂರಿನ ಕಣ್ಣಿನ ಡಾಕ್ಟರು ನರ ಸೊರಗಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ದಿನವೂ ಹನಿ ಹಾಕಬೇಕು ಎಂದು ವಿವರಿಸಿದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಬರೀಬಹುದಾ?"

"ಬರೀರಿ. ಅದ್ರಿಂದ ಕಣ್ಣೇನೂ ಕೆಡಲ್ಲ."

ವಾಪಸ್ ಬರುವ ಬಸ್ಸಿನಲ್ಲಿ ನಾನು ಹಳೆಯ ಸಾಲನ್ನು ಹಾಗೆಯೇ ಮತ್ತೆ ಇಟ್ಟುಕೊಡಬೇಕು ಎಂದು ಯೋಚಿಸುತ್ತಿದ್ದೆ. ಎಷ್ಟು ಯೋಚಿಸಿದರೂ ಯಾವುದು ಎಲ್ಲಿತ್ತು ಎಂಬುದು ನೆನಪಾಗಲಿಲ್ಲ. ಒರೆಸುವ ಮುಂಚೆ ನಾನು ಅದನ್ನು ಒಂದು ಸಾಲೆಂದು ನೋಡಿಯೇ ಇರಲಿಲ್ಲ.

ಸಂಜೆ ಒಂಬತ್ತು ಡಬ್ಬಿಗಳನ್ನೂ ಅವಳ ಮುಂದಿಟ್ಟು ನೆನಪಿಲ್ಲ ಎಂದು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಒಂದೊಂದರಿಂದಲೂ ಚಿಟಿಕೆ ಮಣ್ಣು ತೆಗೆದು ಹೆಬ್ಬೆರಳಲ್ಲಿ ತಿಕ್ಕಿದಳು.

"ಇದು ಪಾವಗಡ. ಎಷ್ಟು ಸೋಸಿದ್ರೂ ತರಿತರಿ." ಮುಂದಿನದಕ್ಕೆ, "ಇದು ಕಳ್ಳಂಬೆಳ್ಳ ಕೆರೇದು, ಬೆಣ್ಣೆ ಥರ."

ಅವಳು ಹೇಳಿದಂತೆ ನಾನು ಗೂಡಿನಲ್ಲಿಡುತ್ತಾ ಹೋದೆ. ಎರಡು ಡಬ್ಬಿಗಳ ಬಗ್ಗೆ ಅನುಮಾನ ಬಂದಾಗ ನೀರು ಚಿಮುಕಿಸಿ ಮೂಸಿ ನೋಡಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಕೆಳಗೆ ಹೋಗಿ ಹಾಲು ತಾನೇ ಇಳಿಸಿದಳು.

ನನ್ನ ಚೀಟಿಗಳನ್ನು ನೆನೆಸಿ ಕಿತ್ತೆ.

ಮರುದಿನ ಅಮ್ಮ ಅದೇ ಕೆಂಪು ಬೆಟ್ಟದ ಹಾಳೆಯನ್ನು ಮತ್ತೆ ಹಲಗೆಗೆ ಸಿಕ್ಕಿಸಿದಳು. ಬೇರೆ ಹಾಳೆ ಕೊಡಲಾ ಎಂದರೆ ಬೇಡವೆಂದಳು. ಕುಂಚ ಅದ್ದಿಕೊಂಡು, "ಬೆಳಕು ಎಲ್ಲಿವರೆಗೂ ಬಂತು?" ಎಂದು ಕೇಳಿದಳು.

"ಕೋಟೆ ಗೋಡೆವರೆಗೂ ಬಂದಿದೆ," ಎಂದೆ. ಅಷ್ಟು ಹೊತ್ತಿಗೆ ಅಲ್ಲಿಗೇ ಬಂದಿರುತ್ತದೆಂದು ಕೂತಲ್ಲಿಂದಲೇ ಹೇಳಿದ್ದೆ.

"ಅಂದಾಜಲ್ಲಿ ಬೇಡ ಕಣಮ್ಮ. ನೋಡಿ ಹೇಳು."

ಕಾಫಿ ಲೋಟ ಕೆಳಗಿಟ್ಟು, ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತೆ. ಬೆಳಕು ಇನ್ನೂ ಗೋಡೆ ಮುಟ್ಟಿರಲಿಲ್ಲ.