ಹೋಳಿಗೆಗೆ ಅಡ್ಡ ಹಿಡಿದ ಕೈ

ಚಾಮರಾಜಪೇಟೆಯ ಮದುವೆ ಊಟದಲ್ಲಿ ಹೋಳಿಗೆ ಬಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಬೇಡಪ್ಪಾ, ಇವತ್ತು ಸಂಕಷ್ಟಿ" ಎಂದುಬಿಟ್ಟೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸುವುದಕ್ಕೆ ವಾರಕ್ಕೊಂದು ಹಸಿವು ತಗ್ಗಿಸುವ ಇಂಜೆಕ್ಷನ್ ತೆಗೆದುಕೊಳ್ಳುವುದನ್ನು ಯಾರಿಗೂ ಹೇಳಿರಲಿಲ್ಲ.

ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿ ನನ್ನ ಎಲೆ ನೋಡಿದರು. "ಸಂಕಷ್ಟಿ ದಿನ ಮಧ್ಯಾಹ್ನ ಅನ್ನ ತಿಂತಾರೇನಮ್ಮಾ? ಅದೂ ಎರಡೇ ತುತ್ತಿಗೆ ಸಾಕಾಯ್ತು. ಇಂಜೆಕ್ಷನ್ ತಾನೇ? ನಾನೂ ಪ್ರತಿ ಭಾನುವಾರ ಚುಚ್ಕೋತೀನಿ." ಆಮೇಲೆ ಇಡೀ ಪಂಕ್ತಿಗೆ ಕೇಳುವಂತೆ ಬಡಿಸುವವರಿಗೆ ಹೇಳಿದರು: "ನಾವಿಬ್ರೂ ಶುಗರ್ ಇಂಜೆಕ್ಷನ್ನವರು, ಹೋಳಿಗೆ ಬೇಡ. ಮುಂದೆ ಹೋಗಪ್ಪಾ!"

ಫ್ರಿಜ್ಜಿನಲ್ಲಿ ಕರಿಬೇವಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದ ಇಂಜೆಕ್ಷನ್ ಪೆನ್ನನ್ನು ಅಂದು ಸಂಜೆಯೇ ಎದುರಿಗೇ ಹಾಲಿನ ಪಾತ್ರೆಯ ಪಕ್ಕ ಇಟ್ಟೆ. "ಇದೇನೇ?" ಎಂದರು ಅತ್ತೆ. ಈ ಸಲ ಸಂಕಷ್ಟಿ ಎನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.