ನಾನು ಹಾಕದ ಬೆಸುಗೆ

ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಾನು ನಂಬಿದವನಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ತುಮಕೂರಿನ ಒಂದು ಗ್ರಿಲ್ ವೆಲ್ಡಿಂಗ್ ಶೆಡ್ಡಿಗೆ ಸೇರಿದವನು. ಅಲ್ಲಿಂದ ಸಿಂಗಪುರದ ಶಿಪ್‌ಯಾರ್ಡಿನವರೆಗೆ ಬಂದದ್ದು ಈ ಎರಡು ಕೈಗಳನ್ನು ನಂಬಿ. ಕನ್ನಡದವರು ಸೇರಿದ ಕಡೆ ಯಾರಾದರೂ ದೆವ್ವದ ಕಥೆ ತೆಗೆದರೆ ತಟ್ಟೆ ಹಿಡಿದುಕೊಂಡು ಬೇರೆ ಕಡೆ ಹೋಗಿ ನಿಲ್ಲುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸಿಂಗಪುರದ ಸೆಂಬವಾಂಗ್‌ನಲ್ಲಿ ನಮ್ಮದು ಏಳನೇ ಮಹಡಿಯ ಫ್ಲಾಟು. ಮನೆಯಲ್ಲಿ ನಾನು, ಹೆಂಡತಿ ಸವಿತಾ, ಆಗಿನ್ನೂ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದ ಮಗಳು ಪುಟ್ಟಿ. ಇಲ್ಲಿನ ಫ್ಲಾಟುಗಳಿಗೆ ಬಾಗಿಲ ಹೊರಗೊಂದು ಕಬ್ಬಿಣದ ಗೇಟು ಇರುತ್ತದೆ. ನಮ್ಮ ಗೇಟಿನ ಮೇಲಿನ ಕೀಲು ಬಿಟ್ಟುಕೊಂಡು ಗೇಟು ಜೋತುಬಿದ್ದಿತ್ತು. ನಾನು ನಾಳೆ ನಾಳೆ ಅನ್ನುತ್ತಲೇ ಇದ್ದೆ. ಸವಿತಾ ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಅದನ್ನು ಕಟ್ಟಿ, “ಊರೋರ ಹಡಗೆಲ್ಲ ಬೆಸೀತಾರೆ ನಮ್ಮನೆಯವ್ರು, ಮನೆ ಗೇಟಿಗೆ ಮಾತ್ರ ಹಗ್ಗ” ಎಂದು ಫೋನಿನಲ್ಲಿ ಅವಳ ಅಕ್ಕನಿಗೆ, ನನಗೆ ಕೇಳಿಸುವ ಹಾಗೆ, ಹೇಳುತ್ತಿದ್ದಳು.

ಒಂದು ಸಂಜೆ ಕೆಲಸ ಮುಗಿಸಿ ಬಂದೆ. ಹಗ್ಗ ಇರಲಿಲ್ಲ. ಗೇಟು ನೆಟ್ಟಗೆ ನಿಂತಿತ್ತು, ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಸರಿಯಿತು. ಹೊರಗಿನವನ ಕೈಯಲ್ಲಿ ಮಾಡಿಸಿ ನನ್ನ ಮರ್ಯಾದೆ ತೆಗೆದಳಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಕೀಲನ್ನು ಹತ್ತಿರದಿಂದ ನೋಡಿದೆ.

ನಾನು ಎಡಗೈಯವನು. ಬೆಸುಗೆಯ ಸಾಲು ಮುಗಿಸುವಾಗ ವೆಲ್ಡಿಂಗ್ ರಾಡನ್ನು ಎತ್ತುವ ಮುಂಚೆ ಸ್ವಲ್ಪ ಹಿಂದಕ್ಕೆ ತಂದು ಕೊಕ್ಕೆಯ ಹಾಗೆ ಮೇಲಕ್ಕೆ ತಿರುಗಿಸುವುದು ನನ್ನ ಹಳೆಯ ಚಾಳಿ. ಶೆಡ್ಡಿನ ಮೇಸ್ತ್ರಿ ಎಷ್ಟು ಬೈದರೂ ಬಿಟ್ಟಿರಲಿಲ್ಲ. ನೂರು ಜನರ ಬೆಸುಗೆಯ ನಡುವೆ ನನ್ನದನ್ನು ನಾನು ಗುರುತು ಹಿಡಿಯುತ್ತೇನೆ. ಗೇಟಿನ ಮೇಲೆ ಇದ್ದದ್ದು ನನ್ನ ಬೆಸುಗೆ.

“ಯಾರೇ ಬಂದಿದ್ದು?” ಎಂದೆ.

“ಸಾಕು ನಾಟ್ಕ. ಮಧ್ಯಾಹ್ನ ಬಂದು, ಮಾತಿಲ್ಲ ಕತೆಯಿಲ್ಲ, ವೆಲ್ಡ್ ಮಾಡಿ ಹೋದ್ರಲ್ಲ” ಎಂದು ನಕ್ಕಳು. ಹಗ್ಗದ ಮಾತಿಗೆ ನಾನು ಮುನಿಸಿಕೊಂಡಿದ್ದೇನೆ ಎಂದುಕೊಂಡಳಂತೆ. ವೆಲ್ಡಿಂಗ್ ಬೆಳಕು ನೋಡಬಾರದೆಂದು ಮಗಳನ್ನು ರೂಮಿನಲ್ಲಿ ಕೂರಿಸಿದಳಂತೆ. ಮಜ್ಜಿಗೆ ಲೋಟ ಕೈಗೆ ಕೊಟ್ಟು, ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ಒಳಗೆ ಓಡಿದಳಂತೆ. ತಿರುಗಿ ಬರುವಷ್ಟರಲ್ಲಿ ಲೋಟ ಖಾಲಿ, ಆಸಾಮಿ ಲಿಫ್ಟಿನ ಕಡೆ ನಡೆದಿದ್ದ. ಮುಖದ ಮೇಲಿನ ಹೆಲ್ಮೆಟ್ಟನ್ನು ಅವಳೆದುರು ಒಮ್ಮೆಯೂ ಎತ್ತಿರಲಿಲ್ಲ.

“ಅಪ್ಪ ನಂಗೆ ಬಾಯ್ ಕೂಡ ಹೇಳ್ಲಿಲ್ಲ ಲಾ” ಎಂದು ಮಗಳು ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ ದೂರಿದಳು.

ಆ ದಿನ ಬೆಳಿಗ್ಗೆಯಿಂದ ನಾನು ಒಂದು ಹಡಗಿನ ಟ್ಯಾಂಕಿನೊಳಗೆ ಇದ್ದೆ. ಜೊತೆಗೆ ಹಾಸನದ ಮಂಜು ಇದ್ದ. ಟ್ಯಾಂಕಿನ ಬಾಯಲ್ಲಿ ಕಾವಲಿಗೊಬ್ಬ ಕೂತಿರುತ್ತಾನೆ, ಅವನ ಕಣ್ಣು ತಪ್ಪಿಸಿ ಹೊರಗೆ ಬರಲಾಗುವುದಿಲ್ಲ. ಊಟವೂ ಅಲ್ಲೇ ಡೆಕ್ಕಿನ ಮೇಲೆ ಆಗಿತ್ತು. ನಾನು ನಡುವೆ ಎಲ್ಲಾದರೂ ಹೋಗಿದ್ದೆನೇ ಎಂದು ಮಾರನೆಯ ದಿನ ಮಂಜುವನ್ನು ಸುಮ್ಮನೆ ಕೆದಕಿದೆ. “ನೀನು ಮನೆಗೆ ಹೋಗಿದ್ರೆ ಅರ್ಧ ದಿನ ನಿನ್ನ ಬೈಗುಳ ತಪ್ತಿತ್ತಲ್ಲೋ ಮಾರಾಯ” ಎಂದ.

ಹಾಗಾದರೆ ನನ್ನ ಮನೆಗೆ ಬಂದವನು ಯಾರು? ಅನುಮಾನ ಹೊಕ್ಕರೆ ಮನುಷ್ಯ ಎಷ್ಟು ಕೆಳಗಿಳಿಯುತ್ತಾನೋ ಅಷ್ಟೂ ಇಳಿದೆ. ಹೆಂಡತಿ ಯಾರನ್ನೋ ಮುಚ್ಚಿಡುತ್ತಿದ್ದಾಳೆಯೇ ಎಂದು ಸುತ್ತಿ ಬಳಸಿ ಅವಳನ್ನೇ ಕೇಳಿದೆ. ಎದುರು ಮನೆಯ ಚೀನೀ ಆಂಟಿಯನ್ನೂ ಬಿಡಲಿಲ್ಲ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ನೀನೇ ತಾನೆ ಬಂದಿದ್ದು, ನಮ್ಮ ಗೇಟನ್ನೂ ಒಂದು ದಿನ ನೋಡು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಕೊನೆಗೆ ಸವಿತಾಗೆ ನನ್ನ ಪ್ರಶ್ನೆಗಳ ಗುರಿ ತಿಳಿಯಿತು. ಅವಳು ಅಳಲಿಲ್ಲ, ಜಗಳವಾಡಲೂ ಇಲ್ಲ. ನನ್ನ ಎಡಗೈ ಹಿಡಿದು ಹೆಬ್ಬೆರಳ ಬುಡದ ಸುಟ್ಟ ಕಲೆಯನ್ನು ಮುಟ್ಟಿದಳು. “ಗ್ಲೌಸ್ ಬಿಚ್ಚಿ ಲೋಟ ತಗೊಂಡ್ರಿ. ನಿಮ್ಮ ಬೆಸುಗೆ ನಿಮಗೆ ಗೊತ್ತಾಗೋದಾದ್ರೆ, ಈ ಕೈ ನಂಗೆ ಗೊತ್ತಾಗಲ್ವಾ?” ಎಂದಳು.

ಮುಂದಿನ ಭಾನುವಾರ ಗೆಳೆಯನಿಂದ ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದೆ. ಆ ಬೆಸುಗೆಯನ್ನು ಕತ್ತರಿಸಿ ತೆಗೆದು ನನ್ನ ಕೈಯಾರೆ ಹೊಸದಾಗಿ ಹಾಕುವುದೆಂದು ನಿರ್ಧಾರ ಮಾಡಿದ್ದೆ. ಪ್ಲಗ್ ಹಾಕುವಾಗ ಸವಿತಾ ಗೇಟಿಗೆ ಅಡ್ಡ ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಬೇಡ ಕಣ್ರೀ. ಅದನ್ನ ತೆಗೆದ್ರೆ ಅವತ್ತು ಬಂದಿದ್ದು ನೀವಲ್ಲ ಅಂತಾಗುತ್ತೆ. ಆಮೇಲೆ ಈ ಮನೇಲಿ ಪುಟ್ಟೀನ ಇಟ್ಕೊಂಡು ಹಗಲೊತ್ತು ಒಬ್ಳೇ ಹೇಗಿರ್ಲಿ?”

ಗ್ರೈಂಡರನ್ನು ಅವತ್ತೇ ವಾಪಸ್ ಕೊಟ್ಟೆ.

ವರ್ಷಗಳಾದವು. ಮಗಳು ಈಗ ನನ್ನ ಭುಜದವರೆಗೆ ಬಂದಿದ್ದಾಳೆ. ಆ ಬೆಸುಗೆ ಒಂದು ಕೂದಲೆಳೆಯಷ್ಟೂ ಬಿಟ್ಟಿಲ್ಲ. ನನಗೆ ಇವತ್ತಿಗೂ ಅದರ ಅರ್ಥ ಆಗಿಲ್ಲ, ಆದೀತು ಎಂಬ ನಂಬಿಕೆಯೂ ಇಲ್ಲ. ಬಂದದ್ದು ನಾನೇ ಎಂದು ಸವಿತಾ ಈಗಲೂ ಎಲ್ಲರೆದುರು ಹೇಳುತ್ತಾಳೆ. ಆದರೆ ಸಂಜೆ ನಾನು ಬೆಲ್ ಒತ್ತಿದಾಗ ಅವಳು ತಕ್ಷಣ ಗೇಟು ತೆಗೆಯುವುದಿಲ್ಲ. ಕಂಬಿಗಳ ಆ ಕಡೆ ನಿಂತು, ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿ ನನ್ನ ಮುಖ ನೋಡುತ್ತಾಳೆ. ನಾನೂ ಅಲುಗಾಡದೆ ನಿಂತು ಮುಖ ತೋರಿಸುತ್ತೇನೆ.